ಕೆಲಸ ಸಿಗದವರಿಗೆ ಹೋಳಿಗೆ ಊಟ

ಈರಯ್ಯನವರಿಗೆ ಈ ಜನ್ಮದಲ್ಲಿ ಒಲಿಯದೇ ಹೋದ ವಿದ್ಯೆ ಒಂದೇ ಒಂದು. ಎದುರಿಗಿದ್ದ ಮನುಷ್ಯನ ಮುಖ ನೋಡಿ ‘ಇಲ್ಲ’ ಅನ್ನುವುದು. ಕುವೈತಿನ ಅಬು ಹಲೀಫಾದ ಅವರ ಎರಡು ಕೋಣೆಯ ಮನೆಯಲ್ಲಿ ಮೂರು ವ್ಯಾಕ್ಯೂಮ್ ಕ್ಲೀನರುಗಳಿದ್ದವು, ಕಾರ್ಪೆಟ್ ಮಾತ್ರ ಒಂದೂ ಇರಲಿಲ್ಲ. ಮಾರಲು ಬಂದ ಮೂವರೂ ಪಾಪ ಬಿಸಿಲಲ್ಲಿ ಮೆಟ್ಟಿಲು ಹತ್ತಿ ಬಂದಿದ್ದರಂತೆ. ಹೆಂಡತಿ ಕಲ್ಲವ್ವ ಬೈದೂ ಬೈದೂ ಸಾಕಾಗಿ, ಈಗ ಅವುಗಳ ಮೇಲೆ ಒದ್ದೆ ಟವೆಲ್ಲು ಹಾಕಿ ಒಣಗಿಸುತ್ತಿದ್ದಳು.

ಇಂಥ ಮನುಷ್ಯನ ತಲೆಯ ಮೇಲೆ ೨೦೧೦ರ ಏಪ್ರಿಲ್ ತಿಂಗಳ ಒಂದು ಬುಧವಾರ ಒಂದಲ್ಲ, ಎರಡು ‘ಇಲ್ಲ’ಗಳು ಬಂದು ಬಿದ್ದವು. ಬಿದ್ದವು ಅಂದರೆ ಸುಳ್ಳಾದೀತು. ಈರಯ್ಯನವರೇ ಹೋಗಿ ಎತ್ತಿಕೊಂಡರು.

ಸಬ್ಹಾನ್‌ನಲ್ಲಿ ಎ.ಸಿ. ಡಕ್ಟ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವರು ಫೋರ್‌ಮನ್. ಗುಳೇದಗುಡ್ಡದ ಕಡೆಯವರು, ಕುವೈತಿಗೆ ಬಂದು ಹದಿನೇಳು ವರ್ಷ. ಕಾರ್ಖಾನೆಗೆ ಒಬ್ಬ ಸ್ಟೋರ್‌ಕೀಪರ್ ಬೇಕಾಗಿದ್ದ. ಊರೆಲ್ಲ ಕಂಪನಿಗಳು ಬಾಗಿಲು ಹಾಕುತ್ತಿದ್ದ ಕಾಲ, ಒಂದು ಕುರ್ಚಿಗೆ ಅರವತ್ತು ಜನ ಅರ್ಜಿ ಹಾಕಿದ್ದರು. ಕೊನೆಗೆ ಉಳಿದವರು ಮೂವರು: ಸಾಲ್ಮಿಯಾದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಅಂಗಡಿ ಮುಚ್ಚಿದ ಮೇಲೆ ಖಾಲಿ ಕೂತಿದ್ದ ಸುರತ್ಕಲ್ಲಿನ ಬಾವಾ, ಮೊಬೈಲ್ ಅಂಗಡಿಯೊಂದರಲ್ಲಿ ತಾತ್ಕಾಲಿಕವಾಗಿ ನಿಂತಿದ್ದ ಹುಬ್ಬಳ್ಳಿಯ ಡಿಪ್ಲೊಮಾ ಹುಡುಗ ರವಿಕಿರಣ, ಮತ್ತು ಪುತ್ತೂರಿನ ಬಾಸಿತ್. ಪರೀಕ್ಷೆ ತೆಗೆದುಕೊಂಡವರು ಈರಯ್ಯನವರೇ. ಬಾಸಿತ್ ಕಣ್ಣು ಮುಚ್ಚಿಕೊಂಡು, ಬರೀ ಬೆರಳಾಡಿಸಿ, ಇಪ್ಪತ್ತು ಬೋಲ್ಟುಗಳ ಸೈಜು ಹೇಳಿದ್ದ. ಅಲ್ಲಿಗೆ ಆಯ್ಕೆ ಮುಗಿಯಿತು.

‘ಬಾಸಿತನ ಪತ್ರಕ್ಕೆ ಮ್ಯಾನೇಜರ್ ಸೈನ್ ಆಯ್ತು,’ ಅಂದರು ಆಫೀಸು ನೋಡಿಕೊಳ್ಳುವ ಮುತ್ತಲಿಬ್. ಬಿ.ಸಿ.ರೋಡಿನವರು, ಮಾತಿಗೂ ಕೆಲಸಕ್ಕೂ ಒಂದೇ ವೇಗ. ‘ಪಾಪ, ಅವನ ಹಳೆ ಕಂಪನಿ ಬಂದ್. ವೀಸಾ ಹಿಡಿದ ಕಫೀಲ್ ಶನಿವಾರ ಒಂಬತ್ತು ಗಂಟೆವರೆಗೆ ಟೈಮ್ ಕೊಟ್ಟಿದ್ದಾನೆ. ಹೊಸ ಕೆಲಸದ ಪತ್ರ ತೋರಿಸಿದ್ರೆ ರಿಲೀಸ್. ಇಲ್ಲದಿದ್ರೆ ಇಕಾಮಾ ಪರ್ಮಿಟ್ ಕ್ಯಾನ್ಸಲ್, ಹೆಂಡತಿ ಸಮೇತ ಊರಿಗೆ. ಉಳಿದ ಇಬ್ಬರಿಗೆ ಒಂದೊಂದು ಮೆಸೇಜ್ ಹಾಕಿ ಬಿಡುವಾ. ಅದೂ ಬೇಡ, ಫೋನ್ ಬಂದ್ರೆ ತೆಗೆಯದಿದ್ರಾಯ್ತು. ಎಂಟು ದಿನದಲ್ಲಿ ಅವರಿಗೇ ಗೊತ್ತಾಗ್ತದೆ.’

ಈರಯ್ಯನವರು ಟೀ ಲೋಟ ಕೆಳಗಿಟ್ಟರು.

‘ಸಾಹೇಬ್ರ, ಇದು ಮನಷ್ಯಾರು ಮಾಡೂ ಕೆಲಸಲ್ಲ ಬಿಡ್ರಿ. ಆ ಬಾವಾ ಧೂಳ ಗಾಳ್ಯಾಗ ಎರಡು ಬಸ್ ಬದಲಿಸಿ, ಟೈ ಕಟ್ಟಿಕೊಂಡು ಬಂದಿದ್ದ. ಅಂಥಾವಗ ಫೋನಿನಾಗ ಎರಡು ಅಕ್ಷರ ಒಗೆಯೂದು? ನಮ್ಮ ಕಡೆ ಕನ್ಯಾ ನೋಡಾಕ ಬಂದೋರನ್ನ ಒಲ್ಲೆ ಅನ್ನೂದಕ್ಕೂ ಒಂದು ರೀತಿ ಐತ್ರೀ. ಮೊದಲ ಸಜ್ಜಿಗಿ ತಿನ್ನಸ್ತೀವಿ, ಚಾ ಕುಡಸ್ತೀವಿ, ಎಲಿ ಅಡಕಿ ಕೊಡ್ತೀವಿ. ಮರ್ಯಾದಿ ಮುಗಿದ ಮ್ಯಾಲ ಮಾತು.’

‘ಇದು ಮದುವೆ ಅಲ್ಲ ಮಾರಾಯ್ರೆ, ಸ್ಟೋರ್‌ಕೀಪರ್.’

‘ಕೆಲಸ ಸಿಕ್ಕಾವಗ ಕೆಲಸನ ಮರ್ಯಾದಿ. ಸಿಗಲಾರದಾವಗ ನಾವ ಕೊಡಬೇಕು. ಆ ಜವಾಬ್ದಾರಿ ನನಗ ಬಿಡ್ರಿ. ಶುಕ್ರವಾರ ಇಬ್ಬರನ್ನೂ ಮನಿಗೆ ಊಟಕ್ಕ ಕರೀತೀನಿ. ಚೊಲೋತ್ನಂಗ ಹೇಳಿ ಕಳಸ್ತೀನಿ. ಸಂಜಿಗೆ ಬಾಸಿತನ ಮನಿಗೆ ಹೋಗಿ ಪತ್ರಾನೂ ಕೊಟ್ಟು ಬರ್ತೀನಿ.’

ಮುತ್ತಲಿಬ್ ಪತ್ರವನ್ನು ಮೇಜಿನ ಮೇಲೆ ಅವರ ಮುಂದಕ್ಕೆ ಸರಿಸಿದರು. ಈರಯ್ಯನವರ ಮನೆಯ ವ್ಯಾಕ್ಯೂಮ್ ಕ್ಲೀನರುಗಳ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಪತ್ರವನ್ನು ಅವರ ಕೈಗೆ ಕೊಡುತ್ತಿರಲಿಲ್ಲ.

ಗುರುವಾರ ಸಂಜೆ ಕಲ್ಲವ್ವ ಕಡಲೆಬೇಳೆ ನೆನೆಹಾಕುತ್ತ ಕೇಳಿದಳು: ‘ಅಲ್ರೀ, ಕೆಲಸ ಸಿಗಲಾರದೋರಿಗೆ ಹೋಳಿಗಿ. ಸಿಕ್ಕಾವಗ ಏನೂ ಇಲ್ಲೇನು?’

‘ಅವಗ ಕೆಲಸ ಸಿಕ್ಕೈತಲ್ಲ, ಹೋಳಿಗಿ ಯಾಕ?’

ಕಲ್ಲವ್ವನಿಗೆ ಇದು ಸರಿಯೆನಿಸಲಿಲ್ಲ. ತಪ್ಪೆಲ್ಲಿದೆ ಎಂಬುದೂ ತಿಳಿಯಲಿಲ್ಲ. ಮಗಳು ಸಾಕ್ಷಿ ಪುಸ್ತಕದಿಂದ ತಲೆ ಎತ್ತದೆಯೇ, ‘ಅಪ್ಪಾ, ಜಸ್ಟ್ ಟೆಲ್ ದೆಮ್ ಆನ್ ದಿ ಫೋನ್,’ ಅಂದಳು. ಕುವೈತಿನಲ್ಲಿ ಹುಟ್ಟಿದ ಮಕ್ಕಳಿಗೆ ಮರ್ಯಾದೆ ಗೊತ್ತಿಲ್ಲವೆಂದು ತೀರ್ಮಾನಿಸಿ ಈರಯ್ಯನವರು ಭಾಷಣ ಬರೆಯಲು ಕೂತರು. ಐದು ಪ್ಯಾರಾ ಆಯಿತು. ನಾಲ್ಕರಲ್ಲಿ ಹೊಗಳಿಕೆ, ಯಾರ ಹೆಸರೂ ಹಾಕದೆ, ಇಬ್ಬರಿಗೂ ಒಪ್ಪುವಂತೆ. ಐದನೆಯದು ‘ಆದರೆ’ ಎಂದು ಶುರುವಾಗುತ್ತಿತ್ತು. ಅದನ್ನು ಮಡಚಿ ಅಂಗಿಯ ಜೇಬಿನಲ್ಲಿ, ಬಾಸಿತನ ಪತ್ರದ ಜೊತೆಗೇ ಇಟ್ಟುಕೊಂಡರು.

ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು ಮುಗಿಸಿಕೊಂಡು ಬಾವಾ ಮತ್ತು ಅವರ ಹೆಂಡತಿ ಸೌದಾ ಬಂದರು. ಹಿಂದೆಯೇ ರವಿಕಿರಣ, ಅವನ ಹೆಂಡತಿ ಸೌಂದರ್ಯಾ. ಬಾವಾ ಅದೇ ಟೈ ಕಟ್ಟಿದ್ದರು. ಸೌಂದರ್ಯಾ ಮದುವೆಯ ಸೀರೆ ಉಟ್ಟಿದ್ದಳು. ಒಂದೇ ಕೆಲಸಕ್ಕೆ ಬಡಿದಾಡಿದ ಎರಡು ಜೋಡಿಗಳು ಒಂದೇ ಸೋಫಾದ ಮೇಲೆ ಕೂತು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡವು.

ಈರಯ್ಯನವರು ಗಂಟಲು ಸರಿಮಾಡಿಕೊಂಡು ಜೇಬಿಗೆ ಕೈಹಾಕಿದರು. ಕಲ್ಲವ್ವ ಅಡುಗೆಮನೆಯಿಂದ ಕಣ್ಣು ಬಿಟ್ಟಳು. ‘ಉಣ್ಣೋರ ಮುಂದ ಅದೆಂಥಾ ಮಾತ್ರೀ? ಮೊದಲ ಉಣ್ಣಲಿ.’

ಮೊದಲು ಉಂಡರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆಂಪು ಚಟ್ನಿ, ಕಟ್ಟಿನ ಸಾರು. ಹೋಳಿಗೆಯ ಮೇಲೆ ತುಪ್ಪ ಕೆರೆ ಕಟ್ಟಿತು. ಕುವೈತಿನಲ್ಲಿ ಕೆಲಸ ಕೇಳಿಕೊಂಡು ಹೋದವರಿಗೆ ಬಾಗಿಲಲ್ಲಿ ಕಾವಲುಗಾರ ಒಂದು ಲೋಟ ನೀರು ಕೊಟ್ಟರೆ ಅದೇ ದೊಡ್ಡದು. ಇಲ್ಲಿ ಫೋರ್‌ಮನ್ ಸಾಹೇಬರು ಸ್ವತಃ ಬಗ್ಗಿ ಬಡಿಸುತ್ತಿದ್ದರು. ಮೂರನೆಯ ಹೋಳಿಗೆ ಬೀಳುವಾಗ ಸೌಂದರ್ಯಾ ಗಂಡನ ಕಿವಿಯಲ್ಲಿ, ‘ಇಬ್ಬರನ್ನೂ ತಗೊಂಡಾರ ಅನಸ್ತದ,’ ಅಂದಳು. ಪಕ್ಕದಲ್ಲಿದ್ದ ಸೌದಾಳಿಗೂ ಅದು ಕೇಳಿಸಿತು. ಅವಳು ಬಾವಾನ ಮೊಣಕೈ ತಿವಿದಳು. ಎರಡು ಜೋಡಿಗಳೂ ಮೊದಲ ಸಲ ಒಬ್ಬರನ್ನೊಬ್ಬರು ನೋಡಿ ನಕ್ಕವು.

ಊಟವಾದ ಮೇಲೆ ಕಲ್ಲವ್ವ ಸೌಂದರ್ಯಾಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಗುಳೇದಗುಡ್ಡದ ಖಣದ ಕುಪ್ಪಸ. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದು ಅವಳಿಗೆ ಗೊತ್ತೇ ಇರಲಿಲ್ಲ. ಸೌದಾ ಒಂದು ಗಳಿಗೆ ನೋಡಿ, ತಾನೂ ದುಪಟ್ಟಾದ ತುದಿ ಒಡ್ಡಿ ಕೂತಳು. ಅವಳಿಗೂ ಖಣ ಬಂತು. ಇನ್ನು ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಈಗ ಈರಯ್ಯನವರು ಎದ್ದು ನಿಂತು ಕಾಗದ ಬಿಡಿಸಿದರು. ಬಾವಾನ ಕಡೆ ನೋಡಿ ಅನುಭವವನ್ನು ಹೊಗಳಿದರು. ರವಿಕಿರಣನ ಕಡೆ ನೋಡಿ ಜ್ಞಾನವನ್ನು ಹೊಗಳಿದರು. ಇಂಥವರು ಬಾಗಿಲಿಗೆ ಬಂದದ್ದು ಕಾರ್ಖಾನೆಯ ಪುಣ್ಯ ಅಂದರು. ಬರೆಯುವಾಗ ಇಷ್ಟು ಚೆನ್ನಾಗಿದೆ ಅನ್ನಿಸಿರಲಿಲ್ಲ, ಓದುವಾಗ ಅವರದೇ ದನಿ ಗದ್ಗದವಾಯಿತು. ನಾಲ್ಕನೆಯ ಪ್ಯಾರಾ ಮುಗಿಯಿತು. ಹಣೆಯ ಬೆವರು ಒರೆಸಿಕೊಂಡರು.

‘ಆದ್ರ...’

‘ಎಂತ ಆದ್ರೂ ಇರಲಿ ಈರಯ್ಯಣ್ಣ!’ ಬಾವಾ ಎದ್ದು ಬಂದು ಅವರನ್ನು ಗಟ್ಟಿಯಾಗಿ ಅಪ್ಪಿಕೊಂಡರು. ‘ಸಂಬಳ ಕಡಿಮೆ ಅಂತ ಹೇಳ್ಲಿಕ್ಕೆ ತಾನೆ ಇಷ್ಟು ಕಷ್ಟಪಡ್ತಾ ಇದ್ದೀರಿ? ನಾನು ಒಪ್ಪಿದೆ.’

‘ನಾನೂ ಒಪ್ಪೀನಿ ಸರ್,’ ಅಂದ ರವಿಕಿರಣ.

ಸೌದಾ ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುತ್ತ ಕಲ್ಲವ್ವನ ಕೈಹಿಡಿದಳು. ‘ನಾಲ್ಕು ತಿಂಗಳಾಯ್ತು ಅಕ್ಕಾ, ಇವರು ಹೊಟ್ಟೆ ತುಂಬ ಉಂಡದ್ದು ಇವತ್ತೇ.’

ಬಾವಾನ ತೋಳುಗಳ ನಡುವೆ ಸಿಕ್ಕಿಬಿದ್ದ ಈರಯ್ಯನವರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ‘ಇ...’ ಅನ್ನುವವರೆಗೂ ಬಂತು.

‘ಇನ್ನೊಂದು ಹೋಳಿಗಿ ತಗೋರಿ,’ ಅಂದರು.

ಅತಿಥಿಗಳು ಹೋದ ಮೇಲೆ, ಈರಯ್ಯನವರು ಭಾಷಣವನ್ನು ಮಡಚಿ ಮತ್ತೆ ಜೇಬಿಗೆ ಸೇರಿಸುವಾಗ, ಕಲ್ಲವ್ವ ಕೇಳಿದಳು: ‘ಹೇಳಿದ್ರೇನು?’

‘ಹೇಳಾಕ ಶುರು ಮಾಡಿದ್ನಿ.’

‘ಎಲ್ಲಿ ತನಕ ಹೇಳಿದ್ರಿ?’

‘ಆದ್ರ ತನಕ.’

ನಾಲ್ಕು ಗಂಟೆಗೆ ಫೋನು ಬಂತು. ಆ ಕಡೆ ಮುತ್ತಲಿಬ್, ಬಾಯಲ್ಲಿ ಏನೋ ತುಂಬಿಕೊಂಡವರಂತೆ ಮಾತಾಡುತ್ತಿದ್ದರು.

‘ಈರಯ್ಯಣ್ಣ, ನಿಮಗೆ ಮಂಡೆ ಸಮ ಉಂಟಾ? ಬಾವಾ ಇಲ್ಲಿ ಮಸೀದಿ ಎದುರು ನಿಂತು ಲಡ್ಡು ಹಂಚ್ತಾ ಇದ್ದಾರೆ, ಕೆಲಸ ಸಿಕ್ಕಿತು ಅಂತ. ನನ್ನ ಬಾಯಿಗೂ ಒಂದು ತುರುಕಿದ್ರು. ಉಗುಳ್ಲಿಕ್ಕೂ ಆಗ್ತಾ ಇಲ್ಲ, ನುಂಗ್ಲಿಕ್ಕೂ ಆಗ್ತಾ ಇಲ್ಲ.’

‘ಅದು ಸಾಹೇಬ್ರ, ಊಟ ಸ್ವಲ್ಪ ಜಾಸ್ತಿ ಆತು...’

‘ಕೇಳಿ ಇಲ್ಲಿ. ಬಾಸಿತ್ ಕೂಡ ಇದ್ದ. ಬಾವಾನನ್ನು ಅಪ್ಪಿಕೊಂಡು, ಮುಬಾರಕ್ ಹೇಳಿ, ತಲೆ ತಗ್ಗಿಸಿ ಹೋದ. ಕರೀಬೇಕು ಅಂದ್ರೆ ನನ್ನ ಬಾಯಲ್ಲಿ ಲಡ್ಡು! ಅವನಿಗೆ ಪತ್ರ ಕೊಟ್ಟಿದ್ದೀರಿ ತಾನೆ?’

ಈರಯ್ಯನವರು ಜೇಬು ಮುಟ್ಟಿ ನೋಡಿಕೊಂಡರು. ಪತ್ರ ಬೆಚ್ಚಗೆ ಅಲ್ಲೇ ಇತ್ತು. ಅವರ ಕೈಕಾಲು ಮಾತ್ರ ತಣ್ಣಗಾದವು. ಫೋನಿಟ್ಟು ಬಾಸಿತನ ನಂಬರ್ ಒತ್ತಿದರು. ಎತ್ತಿದ್ದು ಒಬ್ಬ ಹೆಂಗಸು.

‘ಹಲೋ, ನಾನು ಪದ್ಮಮ್ಮ. ಪಕ್ಕದ ಮನೆ.’

‘ಬಾಸಿತ್ ಇದ್ದಾನೇನ್ರಿ?’

‘ಇಲ್ಲ ಕಣ್ರೀ. ಊರಿಗೆ ಹೋಗ್ತಾವ್ರಲ್ಲ, ಈ ಫೋನು ನಾನು ತಗೊಂಡೆ. ಸಿಮ್ಮು ಇನ್ನೂ ತೆಗೆದಿಲ್ಲ. ಚಾರ್ಜರ್ ಕೊಟ್ಟಿಲ್ಲ, ನಿಮಗೇನಾದ್ರೂ ಸಿಕ್ಕಿದ್ರೆ ಕೊಡೋಕೆ ಹೇಳಿ.’

ಅಬು ಹಲೀಫಾದಿಂದ ಸಾಲ್ಮಿಯಾಕ್ಕೆ ಅರ್ಧ ಗಂಟೆಯ ದಾರಿ. ಈರಯ್ಯನವರ ಹಳೆಯ ಕೊರೊಲ್ಲಾಕ್ಕೆ ಅದು ಮುಕ್ಕಾಲು ಗಂಟೆ. ಪಕ್ಕದಲ್ಲಿ ಕಲ್ಲವ್ವ ಜಪಮಣಿಯಿಲ್ಲದೆ ಜಪ ಮಾಡಿಸುತ್ತಿದ್ದಳು. ‘ಇಲ್ಲ ಅನ್ರಿ. ಇನ್ನೊಮ್ಮೆ ಅನ್ರಿ. ರೂಢಿ ಆಗ್ಲಿ.’

‘ಇಲ್ಲ. ಇಲ್ಲ. ಇಲ್ಲ!’ ಅಂದರು ಈರಯ್ಯನವರು ಸಿಗ್ನಲ್ಲಿನಲ್ಲಿ, ಸ್ಟೇರಿಂಗ್ ಗುದ್ದುತ್ತ. ಪಕ್ಕದ ಕಾರಿನವನು ಮೆಲ್ಲಗೆ ಗಾಜು ಏರಿಸಿಕೊಂಡ.

ಕುವೈತಿನಲ್ಲಿ ಒಬ್ಬ ‘ಊರಿಗೆ ಹೋಗ್ತೇನೆ’ ಅಂದರೆ ಸಾಕು, ಅವನ ಕಣ್ಣೀರು ಒಣಗುವ ಮುಂಚೆ ಫ್ರಿಜ್ಜಿಗೆ ಗಿರಾಕಿ ಬಂದು ನಿಂತಿರುತ್ತಾನೆ. ಕಲ್ಲವ್ವನನ್ನು ಕಾರಿನಲ್ಲೇ ಬಿಟ್ಟು ಈರಯ್ಯನವರು ಮೇಲೆ ಹತ್ತಿದರೆ, ಬಾಸಿತನ ಮನೆಯ ಬಾಗಿಲು ಹಾರು ಹೊಡೆದಿತ್ತು. ಇಬ್ಬರು ಮಂಚ ಬಿಚ್ಚುತ್ತಿದ್ದರು. ಒಬ್ಬ ಟಿ.ವಿ.ಯ ವೈರು ಸುತ್ತುತ್ತಿದ್ದ. ತುಮಕೂರಿನ ಪದ್ಮಮ್ಮ ವಾಶಿಂಗ್ ಮೆಶಿನ್ನಿನ ಮೇಲೆ ಬೇರೆಯವರು ಮುಟ್ಟದಂತೆ ಕೂತೇಬಿಟ್ಟಿದ್ದರು. ಮೂಲೆಯಲ್ಲಿ ಬಾಸಿತನ ಹೆಂಡತಿ ಶಮೀಲಾ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಈರಯ್ಯನವರ ಹೆಜ್ಜೆ ಸಪ್ಪಳ ಕೇಳಿ ತಲೆ ಎತ್ತದೆಯೇ ಹೇಳಿದಳು: ‘ಮಿಕ್ಸಿ ಒಂದು ಉಳಿದದ್ದು.’

‘ತಂಗೀ, ನಾ ಮಿಕ್ಸಿಗೆ ಬಂದಿಲ್ಲವಾ. ನಿನ್ನ ಗಂಡಗ ಕೆಲಸ ಸಿಕ್ಕೈತಿ. ನಾ ಈರಯ್ಯ, ಫೋರ್‌ಮನ್.’

ಶಮೀಲಾ ಕೈಯಲ್ಲಿದ್ದ ಮಡಚಿದ ಅಂಗಿಯ ಸಮೇತ ನೆಲಕ್ಕೆ ಕೂತಳು. ‘ಅಲ್ಲಾಹ್! ಅವರು ಬಾವಾಕನ ಮನೆಗೆ ಹೋಗಿಯಾಯ್ತು. ಪರೀಕ್ಷೆಗೆ ಅಂತ ಸೇಫ್ಟಿ ಶೂ ತೆಗೊಂಡಿದ್ರು. ಅವರಿಗೆ ಬೇಕಾಗ್ತದೆ, ಕೊಟ್ಟು ಬರ್ತೇನೆ ಅಂದ್ರು. ಅಲ್ಲಿಂದ ಸೀದಾ ಕಫೀಲನ ಮನೆಗೆ. ಶನಿವಾರದವರೆಗೆ ಯಾಕೆ ಕಾಯುವುದು, ಇವತ್ತೇ ಸೈನ್ ಹಾಕಿ ಖಲಾಸ್ ಮಾಡ್ತೇನೆ ಅಂದಿದ್ದಾರೆ!’

‘ಅಂದ್ರೆ ಇವರು ಹೋಗಲ್ವಾ?’ ಪದ್ಮಮ್ಮ ವಾಶಿಂಗ್ ಮೆಶಿನ್ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ‘ನೋಡಿ, ಕೊಟ್ಟಿದ್ದು ಕೊಟ್ಟ ಹಾಗೆ ಮತ್ತೆ!’

ಈರಯ್ಯನವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಬಾವಾನ ಮನೆ ಎರಡು ಬೀದಿ ಆಚೆ, ನಾಲ್ಕನೆಯ ಮಹಡಿ. ಲಿಫ್ಟು ಶುಕ್ರವಾರ ರಜೆಯ ಮೇಲಿತ್ತು. ಏದುಸಿರು ಬಿಡುತ್ತ ಒಳಗೆ ಹೋದರೆ ಅಲ್ಲಿ ಹಬ್ಬ. ರವಿಕಿರಣ ದಂಪತಿ ಕೂಡ ಬಂದಿದ್ದರು. ಬಾವಾ ಉಕ್ಕಿನ ಮೂತಿಯ ಸೇಫ್ಟಿ ಶೂ ಹಾಕಿಕೊಂಡು ನಡುಮನೆಯಲ್ಲಿ ಅತ್ತಿಂದಿತ್ತ ನಡೆದು ತೋರಿಸುತ್ತಿದ್ದರು. ಬಾಸಿತ್ ಮೊಣಕಾಲೂರಿ, ಬೆರಳಿನ ಹತ್ತಿರ ಜಾಗ ಸಾಕೇ ಎಂದು ಒತ್ತಿ ನೋಡುತ್ತಿದ್ದ.

‘ಬನ್ನಿ ಬನ್ನಿ ಈರಯ್ಯಣ್ಣ!’ ಬಾವಾ ಕೂಗಿದರು. ‘ನೋಡಿ, ಬಾಸಿತ್ ಎಂಥ ಹುಡುಗ! ತನಗೆ ಸಿಗದಿದ್ರೂ ನನಗೆ ಶೂ ತಂದಿದ್ದಾನೆ.’

ಬಾಸಿತ್ ಎದ್ದು ಈರಯ್ಯನವರ ಕೈ ಹಿಡಿದ. ‘ಬಾವಾಕನಿಗೆ ಸಿಕ್ಕಿತಲ್ಲ ಸರ್, ಅದೇ ಸಂತೋಷ. ನಾನಿನ್ನು ಬರ್ತೇನೆ. ಕಫೀಲ್ ಮಗ್ರಿಬ್ ನಮಾಜು ಆದ ಮೇಲೆ ಹೊರಗೆ ಹೋಗ್ತಾರೆ.’

ಈರಯ್ಯನವರಿಗೆ ಉಸಿರೇ ಇರಲಿಲ್ಲ, ಮಾತು ಎಲ್ಲಿಂದ ಬರಬೇಕು. ಜೇಬಿಗೆ ಕೈಹಾಕಿ, ಸಿಕ್ಕ ಕಾಗದವನ್ನು ಎಳೆದು ಬಾಸಿತನ ಕೈಗಿಟ್ಟು, ಓದು ಓದು ಎಂದು ಸನ್ನೆ ಮಾಡಿ, ಸೋಫಾದ ಮೇಲೆ ಕುಸಿದರು. ಗೆದ್ದೆ ಅಂದುಕೊಂಡರು.

ಬಾಸಿತ್ ಬಾಗಿಲ ಬಳಿ ನಿಂತು ಓದಿದ. ನಿಧಾನವಾಗಿ, ಕೊನೆಯ ಪ್ಯಾರಾದವರೆಗೂ ಓದಿದ. ಅವನ ಕಣ್ಣು ತುಂಬಿ ಬಂತು.

‘ತುಂಬಾ ಥ್ಯಾಂಕ್ಸ್ ಸರ್,’ ಅಂದ. ‘ಇಷ್ಟು ಒಳ್ಳೆಯ ಕನ್ನಡದಲ್ಲಿ ನನ್ನನ್ನು ಯಾರೂ ಬೇಡ ಅಂದಿರ್ಲಿಲ್ಲ.’ ಕಾಗದವನ್ನು ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದ.

ಈರಯ್ಯನವರು ಮತ್ತೆ ಜೇಬು ಮುಟ್ಟಿಕೊಂಡರು. ಪತ್ರ ಅಲ್ಲೇ ಇತ್ತು. ಕೊಟ್ಟದ್ದು ಭಾಷಣ!

ಆಮೇಲೆ ಆದದ್ದನ್ನು ಆ ಕಟ್ಟಡದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಈರಯ್ಯನವರು ಮೆಟ್ಟಿಲಿನ ಕಟಕಟೆಗೆ ಹೊಟ್ಟೆ ಆನಿಸಿ ಕೆಳಗೆ ಬಗ್ಗಿ, ಐವತ್ತು ವರ್ಷದಿಂದ ಒಳಗೇ ಉಳಿದಿದ್ದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದರು:

‘ಬಾಸಿತ್! ನಿಲ್ಲೋ! ಅದು ನಿನಗಲ್ಲ! ಬಾವಾಗ ಕೆಲಸ ಇಲ್ಲ! ರವಿಕಿರಣಗ ಕೆಲಸ ಇಲ್ಲ! ಇಬ್ಬರಿಗೂ ಇಲ್ಲ! ನಿನಗೈತಿ! ನಿನಗೊಬ್ಬಗ ಐತಿ!’

ಇಲ್ಲ, ಇಲ್ಲ, ಇಲ್ಲ ಎಂದು ಐದು ಮಹಡಿಯ ಗೋಡೆಗಳೂ ಹೇಳಿದವು. ಮಹಡಿಗೆ ಎರಡರಂತೆ ಬಾಗಿಲುಗಳು ತೆರೆದವು. ಮಲಯಾಳಿಗಳು, ಬಂಗಾಳಿಗಳು, ಸಿರಿಯಾದವರು, ಎಲ್ಲರೂ ಇಣುಕಿದರು. ಬಾಸಿತ್ ಮೇಲೆ ಹತ್ತಿ ಬಂದ. ಈರಯ್ಯನವರು ಪತ್ರವನ್ನು ಎರಡೆರಡು ಸಲ ನೋಡಿ ಅವನ ಕೈಗೆ ಕೊಟ್ಟರು. ಅವನು ಓದಿ, ಸಂತೋಷಪಡಲು ಹೆದರಿ, ಬಾವಾನ ಮುಖ ನೋಡಿದ.

ಹಿಂದೆ ನಡುಮನೆಯಲ್ಲಿ ಬಾವಾ ಕುರ್ಚಿಯ ಮೇಲೆ ಕೂತು ಶೂವಿನ ಲಾಡಿ ಬಿಚ್ಚಿದರು. ಒಂದೊಂದನ್ನೇ ತೆಗೆದು, ಮೂತಿಗೆ ಹತ್ತಿದ್ದ ಧೂಳನ್ನು ತೋಳಿನಿಂದ ಒರೆಸಿ, ಬಾಸಿತನ ಕೈಗಿಟ್ಟರು. ‘ಮೊದಲು ಕಫೀಲನಿಗೆ ಪತ್ರ ತೋರಿಸಿ ಬಾ. ಹೋಗು.’ ಬಾಸಿತ್ ಹೋದ. ಆಮೇಲೆ ಬಾವಾ ಈರಯ್ಯನವರ ಕಡೆ ತಿರುಗಿದರು.

‘ಮಧ್ಯಾಹ್ನ ನಿಮ್ಮ ಮನೆಯಲ್ಲಿ ನಾವು ನಾವೇ ಇದ್ದದ್ದು ಈರಯ್ಯಣ್ಣ. ಈಗ ಇಡೀ ಬಿಲ್ಡಿಂಗ್ ಎದುರು ಹೇಳಿದ್ರಿ. ಬುಧವಾರವೇ ಒಂದು ಫೋನ್ ಮಾಡಿ ಬೇಡ ಅಂದಿದ್ರೆ ಒಂದು ಸಂಜೆ ಬೇಜಾರು ಮಾಡ್ಕೊಳ್ತಿದ್ದೆ. ಮಾರನೇ ದಿನ ಬೇರೆ ಕಡೆ ಕೇಳ್ತಿದ್ದೆ. ಈಗ ಲಡ್ಡು ತಿಂದವರಿಗೆ ಎಂತ ಹೇಳ್ಲಿ?’

ಈರಯ್ಯನವರಿಗೆ ಜೀವ ಹಿಡಿಯಷ್ಟಾಯಿತು. ಇಷ್ಟು ನಾಚಿಕೆ ಅವರಿಗೆ ಯಾವತ್ತೂ ಆಗಿರಲಿಲ್ಲ. ‘ತಪ್ಪಾತ್ರೀ,’ ಅಂದರು. ಅದರ ಹಿಂದೆ ‘ಆದ್ರ’ ಸೇರಿಸಲಿಲ್ಲ.

ಅಷ್ಟರಲ್ಲಿ ಸೌಂದರ್ಯಾ ಗಂಡನ ತೋಳು ಹಿಡಿದು ಕಿರುಚಿದಳು. ‘ಅಯ್ಯ, ನಿಮ್ಮ ರಾಜೀನಾಮಿ!’

ರವಿಕಿರಣ ಮೊಬೈಲ್ ಅಂಗಡಿಯ ಕೆಲಸಕ್ಕೆ ರಾಜೀನಾಮೆ ಬರೆದು, ಅಂಗಡಿ ಮುಚ್ಚಿದ್ದರಿಂದ, ಶಟರಿನ ಕೆಳಗೆ ತೂರಿಸಿ ಬಂದಿದ್ದ. ಆರು ಗಂಟೆಗೆ ಮಾಲೀಕ ಬಂದು ಬಾಗಿಲು ತೆರೆಯುವವನು. ಆಗ ಐದೂಮುಕ್ಕಾಲು. ಎಲ್ಲರೂ ಓಡಿದರು. ಬಾವಾ ಕೂಡ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದರು.

ತಪ್ಪು ತನ್ನದೆಂದು ಈರಯ್ಯನವರೇ ಸಾಲ್ಮಿಯಾದ ಫುಟ್‌ಪಾತಿನ ಮೇಲೆ ಬೋರಲು ಮಲಗಿ, ಬಟ್ಟೆ ತೂಗುಹಾಕುವ ತಂತಿಯನ್ನು ನೆಟ್ಟಗೆ ಮಾಡಿ, ಶಟರಿನ ಕೆಳಗೆ ಕೈಯಾಡಿಸತೊಡಗಿದರು. ಲಕೋಟೆ ಒಂದು ಗೇಣು ದೂರದಲ್ಲಿತ್ತು. ಹೊಟ್ಟೆ ಅಡ್ಡ ಬರುತ್ತಿತ್ತು. ತಲೆಯ ಹತ್ತಿರ ಎರಡು ಕಪ್ಪು ಬೂಟುಗಳು ಬಂದು ನಿಂತವು.

‘ಶಿನು ಹಾದಾ?’ ಏನಿದು ಎಂದು ಪೊಲೀಸಿನವನು ಕೇಳಿದ.

ಬೋರಲು ಮಲಗಿದವರಿಗೆ ಹದಿನೇಳು ವರ್ಷದ ಅರಬಿಯೆಲ್ಲ ಮರೆತುಹೋಯಿತು. ಬಾವಾ ಮುಂದೆ ಬಂದರು. ಸಲಾಂ ಹೇಳಿ, ಇಪ್ಪತ್ತಾರು ವರ್ಷ ಅಂಗಡಿಯಲ್ಲಿ ಕಲಿತ ಅರಬಿಯಲ್ಲಿ ಲಕೋಟೆಯ ವಿಷಯ, ಕೆಲಸದ ವಿಷಯ, ಎಲ್ಲ ಬಿಡಿಸಿ ಹೇಳಿದರು. ಪೊಲೀಸಿನವನಿಗೆ ಒಂದೇ ಒಂದು ಅನುಮಾನ ಉಳಿಯಿತು.

‘ಇವನು ನಿನಗೆ ಕೆಲಸ ಕೊಟ್ಟನೇ?’

‘ಇಲ್ಲ.’

‘ಮತ್ತೆ ಇವನ ಪರವಾಗಿ ನೀನು ಯಾಕೆ ಮಾತಾಡುತ್ತೀ?’

‘ಮಧ್ಯಾಹ್ನ ಇವರ ಮನೆಯಲ್ಲಿ ಊಟ ಮಾಡಿದ್ದೇನೆ,’ ಅಂದರು ಬಾವಾ.

ಪೊಲೀಸಿನವನು ಕಾರಿನಿಂದ ಟಾರ್ಚು ತಂದು ಶಟರಿನ ಕೆಳಗೆ ಬೆಳಕು ಬಿಟ್ಟ. ‘ಯಲ್ಲಾ,’ ಬೇಗ ಬೇಗ ಅಂದ. ಮಾಲೀಕನ ಕಾರು ತಿರುವಿನಲ್ಲಿ ಕಾಣಿಸುವ ಹೊತ್ತಿಗೆ ಲಕೋಟೆ ಹೊರಗೆ ಬಂದು ಸೌಂದರ್ಯಾಳ ಬ್ಯಾಗಿನಲ್ಲಿತ್ತು.

ಭಾನುವಾರ ಬಾಸಿತ್ ಸ್ಟೋರಿನಲ್ಲಿ ಕೂತ. ಪದ್ಮಮ್ಮ ಮೊಬೈಲನ್ನು ವಾಪಸು ಕೊಟ್ಟರು, ವಾಶಿಂಗ್ ಮೆಶಿನ್ ಕೊಡಲಿಲ್ಲ. ಮುತ್ತಲಿಬ್, ‘ಇನ್ನು ಮೇಲೆ ಎಲ್ಲರಿಗೂ ಮೆಸೇಜೇ ಸಾಕು,’ ಅಂದಾಗ ಈರಯ್ಯನವರು ತಲೆ ಅಲ್ಲಾಡಿಸಿದರು. ‘ನಾನ ಫೋನ್ ಮಾಡ್ತೀನ್ರಿ. ಅವತ್ತಿಂದವತ್ತ. ಮೊದಲನೇ ಮಾತಿನಾಗ.’

ಮತ್ತೊಂದು ಕೆಲಸವನ್ನೂ ಅವರು ಹಚ್ಚಿಕೊಂಡರು. ದಿನಾ ಡ್ಯೂಟಿ ಮುಗಿದ ಮೇಲೆ ತಮಗೆ ಗೊತ್ತಿದ್ದ ಅಂಗಡಿ, ಗೋದಾಮು, ವರ್ಕ್‌ಶಾಪುಗಳಿಗೆಲ್ಲ ಹೋಗಿ ಬಾವಾನಿಗೆ ಕೆಲಸ ಇದೆಯೇ ಎಂದು ಕೇಳುವುದು. ಸಿಗಲಿಲ್ಲವೆಂದರೆ ಬಾವಾನನ್ನು ಮರುದಿನದವರೆಗೆ ಕಾಯಿಸದೆ, ಅದೇ ಸಂಜೆ ಅವರ ಬಾಗಿಲಿಗೆ ಹೋಗಿ ಹೇಳಿಬಿಡುವುದು. ಹೇಳುವ ಮೊದಲು ಕೂರುವುದಿಲ್ಲ, ನೀರು ಮುಟ್ಟುವುದಿಲ್ಲ ಎಂದು ಕಲ್ಲವ್ವನ ಮುಂದೆ ಆಣೆ ಮಾಡಿದ್ದರು. ಆರು ಸಂಜೆ ಹೀಗೇ ನಡೆಯಿತು.

ಏಳನೆಯ ಸಂಜೆ ಎಲ್ಲಿ ಎದೆ ಅಳುಕಿ ಬಾಯಿ ಕಟ್ಟೀತೋ ಎಂಬ ಭಯಕ್ಕೆ ಎರಡೆರಡು ಮೆಟ್ಟಿಲು ಹಾರಿ ಹತ್ತಿದರು. ಬಾಗಿಲು ಬಡಿದರು. ತೆರೆಯುತ್ತಿದ್ದಂತೆಯೇ ಕಣ್ಣು ಮುಚ್ಚಿ, ‘ಇವತ್ತೂ ಇಲ್ಲ!’ ಅಂದರು. ಕಣ್ಣು ಬಿಟ್ಟರೆ ಎದುರಿಗೆ ಪೈಜಾಮ ಹಾಕಿಕೊಂಡ ಒಬ್ಬ ಅಪರಿಚಿತ ನಿಂತಿದ್ದ. ಗಾಬರಿಯಲ್ಲಿ ಅರಬಿಯಲ್ಲೂ ಹೇಳಿದರು: ‘ಕೆಲಸ ಇಲ್ಲ, ಮಾಫಿ ಶುಗಲ್, ತಪ್ಪು ತಿಳ್ಕೋಬ್ಯಾಡ್ರಿ.’ ಕೈ ಮುಗಿದು, ಮಹಡಿ ತಪ್ಪಿತೆಂದು ಗೊತ್ತಾಗಿ, ಮೇಲಕ್ಕೆ ಓಡಿದರು.

ನಾಲ್ಕನೆಯ ಮಹಡಿಯಲ್ಲಿ ಬಾವಾ ಫೋನು ಕಿವಿಗಿಟ್ಟುಕೊಂಡೇ ಬಾಗಿಲು ತೆರೆದು ನಿಂತಿದ್ದರು.

‘ನನಗೆ ಗೊತ್ತಾಯ್ತು ಈರಯ್ಯಣ್ಣ. ಕೆಳಗಿನ ಈಜಿಪ್ಟಿನವರು ಫೋನಲ್ಲಿದ್ದಾರೆ. ಯಾರೋ ಒಬ್ಬ ದಪ್ಪ ಮನುಷ್ಯ ಬಂದು, ನಿನಗೆ ಕೆಲಸ ಇಲ್ಲ ಅಂತ ಹೇಳಿ, ಕೈ ಮುಗಿದು ಓಡಿ ಹೋದನಂತೆ. ಅವರ ಕಂಪನಿಯವನಾ ಅಂತ ಕೇಳಿ ಅಳ್ತಾ ಇದ್ದಾರೆ. ಮೊದಲು ಹೋಗಿ ಅವರಿಗೆ ಸರಿಯಾಗಿ ಹೇಳಿ ಬನ್ನಿ ಮಾರಾಯ್ರೆ.’

ಈರಯ್ಯನವರು ಬಂದ ವೇಗದಲ್ಲೇ ಕೆಳಗೆ ಓಡಿದರು. ಒಳಗಿನಿಂದ ಸೌದಾ ಕೇಳಿದಳು: ‘ಯಾರು?’

‘ಈರಯ್ಯಣ್ಣ. ಇವತ್ತೂ ಇಲ್ಲವಂತೆ.’

‘ಆಗ್ಲಿ. ಚಾಕ್ಕೆ ನೀರು ಹೆಚ್ಚು ಇಡ್ತೇನೆ,’ ಅಂದಳು ಸೌದಾ. ‘ಕೆಳಗಿನವರನ್ನೂ ಕರ್ಕೊಂಡು ಬರ್ಲಿಕ್ಕೆ ಹೇಳಿ.’